ಶಿಂಷೆಯ ಗರಸಿನಲ್ಲಿ ಸಿಕ್ಕಿದ್ದು

೧೯೩೩ರ ಬೇಸಿಗೆಯಲ್ಲಿ ಮದ್ದೂರಿನ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ಚೂಡಾಮಣಿಗೆ ಜಾವಾ ದ್ವೀಪದಿಂದ ಕಾಗದ ಬಂತು. ಸಕ್ಕರೆ ತಯಾರಿಸುವ ಕೆಲಸ ಕಲಿಯಲು ಹೋಗಿದ್ದ ಅಣ್ಣ ಪಾರ್ಥಸಾರಥಿ ಬರೆದಿದ್ದ. ಅಲ್ಲಿ ಸೋಲೋ ಎಂಬ ನದಿ. ನಲವತ್ತು ವರ್ಷದ ಹಿಂದೆ ಅದರ ಕಣಿವೆಯಲ್ಲಿ ಒಬ್ಬ ಡಾಕ್ಟರಿಗೆ ಆದಿಮಾನವನ ನೆತ್ತಿಯ ಚಿಪ್ಪು ಸಿಕ್ಕಿತ್ತಂತೆ. ಈಗ ಅದೇ ದಡದಲ್ಲಿ ಮತ್ತಷ್ಟು ಬುರುಡೆಗಳು ಹೊರಬೀಳುತ್ತಿವೆಯಂತೆ. ಎಲ್ಲವೂ ಕಲ್ಲಾಗಿಹೋಗಿವೆ, ಹಳೇ ಹೊಳೆ ಬಿಟ್ಟುಹೋದ ನುರುಜುಗಲ್ಲಿನ ಗರಸಿನಲ್ಲೇ ಅವು ಸಿಗುವುದು ಎಂದು ಬರೆದು, ದಡದ ಪದರಗಳ ಚಿತ್ರವನ್ನೂ ಗೀಚಿದ್ದ.

ಹಾಲು ತಂದಿದ್ದ ದೇವಿರಮ್ಮನಿಗೆ ಚೂಡಾಮಣಿ ತಡೆಯಲಾರದೆ ಅದನ್ನೆಲ್ಲ ಓದಿ ಹೇಳಿದಳು. ದೇವಿರಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಒಳೆ ಮಗ್ಗುಲು ನಮ್ಮೊಲದಲ್ಲಿ ಬಾವಿ ತೋಡ್ತಾವ್ರೆ ಕಣಮ್ಮಾವ್ರೆ. ಮೂರಾಳು ಆಳದಲ್ಲಿ ಇಂಗೇ ಗರಸು ಬಂದೈತೆ. ಅದ್ರಲ್ಲಿ ಮೂಳೆನೂ ಐತೆ, ಕಲ್ಲಿನಂಗೆ ಬಾರ."

ಅಂದು ಶನಿವಾರ. ಶಾಲೆ ಬಿಟ್ಟದ್ದೇ ಚೂಡಾಮಣಿ ಅವಳ ಹಿಂದೆ ಹೊರಟಳು. ಶಿಂಷೆಯ ದಡದ ಹೊಲದಲ್ಲಿ ದೇವಿರಮ್ಮನ ಗಂಡ ಸಿದ್ದರಾಜು, ಅವನ ಜೊತೆಗಾರ ಚಿಕ್ಕಬೋರಯ್ಯ ಇದ್ದರು. ಬೆಳಿಗ್ಗೆಯಿಂದ ನೀರು ಜಿನುಗುತ್ತಿದೆ, ನಾಳೆಗೆ ಆ ಪದರ ಮುಳುಗುತ್ತದೆ, ಬೇಕಾದರೆ ತಾನೇ ಇಳಿದು ಒಂದು ಬುಟ್ಟಿ ತುಂಬಿ ತರುತ್ತೇನೆ ಎಂದ ಸಿದ್ದರಾಜು. ಚೂಡಾಮಣಿ ಒಪ್ಪಲಿಲ್ಲ. ಯಾವುದು ಎಲ್ಲಿತ್ತು ಎಂದು ತನ್ನ ಕಣ್ಣಿನಿಂದಲೇ ನೋಡಬೇಕಿತ್ತು ಅವಳಿಗೆ. ಸೆರಗು ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಮಣ್ಣಿನಲ್ಲಿ ಕೊರೆದಿದ್ದ ಕಾಲ್ಗುಳಿಗಳನ್ನು ತಡಕುತ್ತ ಇಳಿದೇಬಿಟ್ಟಳು. ಮೇಲೆ ಗಂಡಸರಿಬ್ಬರೂ ಹಗ್ಗ ಬಿಡುತ್ತಿದ್ದರು.

ಕೆಳಗೆ ಮೊಣಕಾಲುದ್ದ ತಣ್ಣನೆ ನೀರು. ಎದೆಯೆತ್ತರದಲ್ಲಿ ಗರಸಿನ ಪಟ್ಟೆ. ದೇವಿರಮ್ಮ ಕೊಟ್ಟಿದ್ದ ಕುಡುಗೋಲಿನ ತುದಿಯಿಂದ ಕೆರೆದಳು. ಹೆಬ್ಬೆರಳುದ್ದದ ಹಲ್ಲೊಂದು ಕಳಚಿಬಂತು. ಅದರ ಪಕ್ಕದಲ್ಲಿ ಅಂಗೈಯಗಲದ ಒಂದು ಕಲ್ಲು. ತೊಳೆದು ನೋಡಿದರೆ ಎರಡು ಮಗ್ಗುಲಲ್ಲೂ ಚಕ್ಕೆ ಎಬ್ಬಿಸಿ ತುದಿ ಚೂಪು ಮಾಡಿದ ಹಾಗಿತ್ತು. ಹಿಡಿದಳು. ಹೆಬ್ಬೆರಳು ತಾನಾಗಿ ಒಂದು ತಗ್ಗಿನಲ್ಲಿ ಕೂತಿತು. ನೀರು ತೊಡೆಗೆ ಬಂದದ್ದು ಮೇಲಿನವರು ಕೂಗಿದಾಗಲೇ ಗೊತ್ತಾದದ್ದು.

ಮನೆಯಲ್ಲಿ ತಾಯಿ ಪಂಕಜಮ್ಮ ಬಾಗಿಲಲ್ಲೇ ತಡೆದರು. ಆಚಾರದ ಮನೆಗೆ ಮೂಳೆಯೇ? ಇದು ಮೂಳೆಯಲ್ಲ, ಕಲ್ಲಾಗಿ ಎಷ್ಟೋ ಸಾವಿರ ವರ್ಷವಾಯಿತು ಎಂದು ಮಗಳು ವಾದಿಸಿದಳು. ಕಲ್ಲಾದರೆ ಕೊಟ್ಟಿಗೆಯಲ್ಲಿರಲಿ ಎಂದರು ಪಂಕಜಮ್ಮ. ಸ್ನಾನವಾಗುವವರೆಗೆ ಕಾಫಿಯನ್ನೂ ಕೊಡಲಿಲ್ಲ.

ಎರಡನ್ನೂ ಹತ್ತಿಯಲ್ಲಿ ಸುತ್ತಿ ಬೆಂಗಳೂರಿನ ಭೂಗರ್ಭ ಇಲಾಖೆಯ ಒಬ್ಬ ಅಧಿಕಾರಿಗೆ ಕಳಿಸಿದಳು. ಮೂರು ವಾರ ಟಪಾಲಿನವನ ದಾರಿ ಕಾದದ್ದೇ ಕೆಲಸ. ಕೊನೆಗೆ ಉತ್ತರ ಬಂತು. ಹಲ್ಲು ವಂಶವೇ ಅಳಿದುಹೋದ ಕಾಡುಹಸುವಿನದು. ಆದರೆ ಕಲ್ಲು ಮನುಷ್ಯನ ಕೈಯಲ್ಲಿ ತಯಾರಾದ ಕೊಡಲಿ, ಅದರಲ್ಲಿ ಸಂಶಯವಿಲ್ಲ.

ಚೂಡಾಮಣಿ ಕೊಡೆಯನ್ನೂ ಹಿಡಿಯದೆ ಹೊಲಕ್ಕೆ ಓಡಿದಳು. ಬಾವಿಯಲ್ಲಿ ಎರಡಾಳು ನೀರು ನಿಂತಿತ್ತು. ಕಾಗದ ಓದಿದ್ದನ್ನು ಕೇಳಿ ಸಿದ್ದರಾಜು ಮೆಲ್ಲಗೆ ಕೇಳಿದ:

"ಅಂಗಾರೆ ಅವ್ನು ಇಲ್ಲೇ ಇದ್ನಾ ಅಮ್ಮಾವ್ರೆ?"

"ಇಲ್ಲೇ ಇದ್ದ. ಈ ಹೊಳೆ ನೀರನ್ನೇ ಕುಡಿದಿದ್ದ."

ಆಚೆ ದಡದ ಕೊರಕಲಿನಲ್ಲೂ ಇಂಥದೇ ಗರಸಿದೆ, ಅಲ್ಲಿ ಅಗೆಯುವುದೇ ಬೇಡ, ಮೇಲೇ ಕಾಣುತ್ತದೆ ಎಂದ ಚಿಕ್ಕಬೋರಯ್ಯ. ನಾಳೆ ಒತ್ತಾರೆ ಹೋಗೋಣ ಎಂದು ಗಂಡಸರು ಮಾತಾಡಿಕೊಳ್ಳುತ್ತಿದ್ದ ಹಾಗೇ ಚೂಡಾಮಣಿ ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗೆ ಕಾಲಿಟ್ಟಿದ್ದಳು. ದೇವಿರಮ್ಮ ಕುಡುಗೋಲು ತಗೊಂಡು ಅವಳ ಹಿಂದೆಯೇ ಇಳಿದಳು.