ಪುಟ್ಟರಾಜು ಕೇಳಿಸಿದ ಪ್ರಶ್ನೆ

ಶಾಮಿಯಾನದ ಹಗ್ಗವನ್ನು ತೆಂಗಿನ ಮರಕ್ಕೆ ಬಿಗಿಯುತ್ತಿದ್ದ ರಾಮಣ್ಣ, ಜೇಬಿನಲ್ಲಿ ಫೋನು ಬಡಿದುಕೊಂಡಾಗ ಹಗ್ಗದ ತುದಿಯನ್ನು ಕಂಕುಳಲ್ಲಿ ಇರುಕಿಕೊಂಡು ಮಾತಾಡಿದ. ಹಾಸನದಿಂದ ಯಾರೋ ಕಾಲೇಜಿನವರು.

"ಮುರಳಿ ಮೇಷ್ಟ್ರು ಅಲ್ಲಿಗೆ ಬಂದ್ರಾ ಸಾರ್?"

"ಇನ್ನೂ ಇಲ್ಲ ಸಾ. ರಾತ್ರೀನೇ ಸುದ್ದಿ ಮುಟ್ಸಿದ್ದೆ. ಎಲ್ಲವ್ರೋ ಗೊತ್ತಿಲ್ಲ. ಅವ್ರ ಫೋನು ಆಫ್ ಆಗೈತೆ."

ಬೆಳಗಿನಿಂದ ಇಂಥ ಆರನೆಯ ಕರೆ ಅದು. ಸತ್ತವನು ಶಾಂತಿಗ್ರಾಮದ ಮೈಕ್‌ಸೆಟ್ ಪುಟ್ಟರಾಜು; ಜನ ಕೇಳುತ್ತಿದ್ದುದು ಮಾತ್ರ ಮೇಷ್ಟ್ರನ್ನು. ಮೂವತ್ತು ವರ್ಷ ಪುಟ್ಟರಾಜುವಿನ ಜೊತೆ ಕಂಬ ಹತ್ತಿ, ವೈರು ಎಳೆದಿದ್ದ ರಾಮಣ್ಣನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗೆಳೆಯ ಬದುಕಿದ್ದಾಗಲೂ ಹೀಗೇ ಇತ್ತು. ವಂದನಾರ್ಪಣೆಯಲ್ಲಿ ಹೂವಿನ ಅಂಗಡಿಯವರ ಹೆಸರು ಬರುತ್ತಿತ್ತು, ಮೈಕಿನವನದು ಬಿಟ್ಟುಹೋಗುತ್ತಿತ್ತು.

ಅಂಗಳದಲ್ಲಿ ಬೆಂಚಿನ ಮೇಲೆ ಪುಟ್ಟರಾಜುವನ್ನು ಮಲಗಿಸಿದ್ದರು. ಅರವತ್ತೆರಡು ವರ್ಷ. ಹಿಂದಿನ ದಿನ ಸಂಜೆ ಅಂಗಡಿಯಲ್ಲಿ ವೈರು ಸುತ್ತುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಹಾಸನ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ. ತಲೆಯ ಬಳಿ ಹೆಂಡತಿ ನಂಜಮ್ಮ, ಅವಳ ಪಕ್ಕದಲ್ಲಿ ಮಗಳು ದೀಪಶ್ರೀ. ಮಗಳು ಅರಕಲಗೂಡಿನ ಹೈಸ್ಕೂಲಿನಲ್ಲಿ ಟೀಚರು. ಮೂವತ್ತೈದಾಗಿದೆ, ಮದುವೆಯಾಗಿಲ್ಲ.

ಪುಟ್ಟರಾಜುವಿನ ತಮ್ಮ ದೇವರಾಜ್ ಬಂದು ಅತ್ತಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ಅತ್ಗೆ, ಅನ್ನೊಂದು ಗಂಟೆ ಆಯ್ತು. ಬಿಸ್ಲು ಏರ್ತಾ ಐತೆ. ಗುಂಡಿನೂ ತೆಗ್ದಾಗೈತೆ. ಎತ್ತಾನ?"

"ಇನ್ನೊಸಿ ತಾಳು."

"ಯಾರ್ಗೆ ತಾಳಾದು? ಆ ಮೇಷ್ಟ್ರಿಗಾ?"

"ಅವ್ರೆಸ್ರು ನನ್ ಮುಂದೆ ಎತ್ತಬ್ಯಾಡ," ಎಂದಳು ನಂಜಮ್ಮ. "ಅವ್ರಿಂದ್ಲೇ ನಂಗೆ ತವರು ಇಲ್ದಂಗಾಗಿದ್ದು."

ಆಗ ಅವಳು ಯಾರಿಗೆ ಕಾಯುತ್ತಿದ್ದಾಳೆಂದು ದೇವರಾಜನಿಗೆ ತಿಳಿಯಿತು. ಹಳ್ಳಿಮೈಸೂರಿನ ಅವಳ ಅಣ್ಣ ಗುಂಡಯ್ಯ ಈ ಮನೆಗೆ ಕಾಲಿಟ್ಟು ಹನ್ನೊಂದು ವರ್ಷವಾಗಿತ್ತು. ಸಾವಿನ ಸುದ್ದಿ ಮುಟ್ಟಿಸಲು ರಾಮಣ್ಣನೇ ಫೋನು ಮಾಡಿದ್ದ. ಗುಂಡಯ್ಯ ಪೂರ್ತಿ ಕೇಳಿಸಿಕೊಂಡು, ಹೂಂ ಉಹೂಂ ಏನನ್ನೂ ಹೇಳದೆ ಇಟ್ಟುಬಿಟ್ಟಿದ್ದ. ಆ ಮಾತನ್ನು ರಾಮಣ್ಣ ನಂಜಮ್ಮನಿಗೆ ಹೇಳಿರಲಿಲ್ಲ.

*

ಮುರಳೀಕೃಷ್ಣ ಹೊಳೆನರಸೀಪುರದವರು. ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುತ್ತಿದ್ದವರು ಮೊದಲು ಊರೂರಿನ ಸಭೆಗಳಲ್ಲಿ, ಆಮೇಲೆ ಟಿವಿಯಲ್ಲಿ, ಈಚೆಗೆ ಫೋನುಗಳಲ್ಲಿ ಹೆಸರಾದರು. ಅವರು ಮಾತಾಡಿದರೆ ಬಸ್ ಕಂಡಕ್ಟರಿನಿಂದ ಡಾಕ್ಟರವರೆಗೆ ಎಲ್ಲರೂ ತಮ್ಮೊಬ್ಬರಿಗೇ ಹೇಳುತ್ತಿದ್ದಾರೆ ಎಂಬಂತೆ ಕೇಳುತ್ತಿದ್ದರು. ಕಾರ್ಯಕ್ರಮ ಏರ್ಪಡಿಸಿದವರ ಪಾಡು ಮಾತ್ರ ಬೇರೆ. ಒಂದೇ ದಿನ ಎರಡು ಊರಿಗೆ ಒಪ್ಪಿಕೊಂಡು ಮೂರನೆಯ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಎಳನೀರಿನವನ ಜೊತೆ ಹರಟುತ್ತ ಸಿಗುತ್ತಿದ್ದರು. ಒಂದು ಪ್ರಶ್ನೆ ಕೇಳಿ, ಹತ್ತು ನಿಮಿಷ ಸುಮ್ಮನೆ ನಿಂತು, "ಸರಿ, ಮನೇಲಿ ಯೋಚನೆ ಮಾಡಿ" ಎಂದು ಇಳಿದು ಹೋದದ್ದೂ ಉಂಟು.

ಇಪ್ಪತ್ತಾರು ವರ್ಷದ ಹಿಂದೆ ಚನ್ನರಾಯಪಟ್ಟಣದ ಒಂದು ಸಭೆ ಮುಗಿದ ಮೇಲೆ, ಶಾಲು ಹಿಡಿದು ಕಾಯುತ್ತಿದ್ದ ಗಣ್ಯರನ್ನು ಬಿಟ್ಟು ಅವರು ಆಂಪ್ಲಿಫಯರಿನ ಹತ್ತಿರ ಬಂದಿದ್ದರು.

"ನೀವು ಪೂರ್ತಿ ಕೇಳಿದ್ರಿ. ಬೇರೆಯವರೆಲ್ಲ ಮಧ್ಯೆ ಮಧ್ಯೆ ಆಕಳಿಸ್ತಿದ್ರು. ನಾನು ಹೇಳಿದ್ದರಲ್ಲಿ ಸುಳ್ಳು ಯಾವುದು?"

ಪುಟ್ಟರಾಜು ಪ್ಲಗ್ಗು ಕೀಳುತ್ತಿದ್ದವನು ಕೈ ನಿಲ್ಲಿಸಿದ. ಅವನನ್ನು ಯಾರೂ ಏನನ್ನೂ ಕೇಳಿದವರಲ್ಲ.

"ಬಡತನ ಮನುಷ್ಯನ್ನ ಒಳ್ಳೇವ್ನ್ ಮಾಡ್ತದೆ ಅಂದ್ರಲ್ಲ ಸಾ, ಅದು," ಎಂದ. "ನಮ್ಮವ್ವಂಗೆ ಬಡತ್ನ ಬರೀ ಸಿಟ್ಟು ತಂದಿತ್ತು."

ಮೇಷ್ಟ್ರು ಆಂಪ್ಲಿಫಯರಿನ ತಿರುಗುಣಿಯನ್ನು ಬೆರಳಿನಿಂದ ಮುಟ್ಟಿದರು. "ಇನ್ನು ಮೇಲೆ ನಾನು ಹಾಗೆ ಬುರುಡೆ ಬಿಡೋಕೆ ಶುರು ಮಾಡಿದ್ರೆ ವಾಲ್ಯೂಮು ಇಳಿಸಿಬಿಡಿ."

ತಮಾಷೆ ಎಂದುಕೊಂಡರೆ ತಮಾಷೆಯಾಗಿರಲಿಲ್ಲ. ಹಾಸನ ಸೀಮೆಯಲ್ಲಿ ಎಲ್ಲೇ ಭಾಷಣವಿದ್ದರೂ ಮೈಕು ಪುಟ್ಟರಾಜುವಿನದೇ ಆಗಬೇಕೆಂದು ಅವರು ಹಟ ಹಿಡಿಯತೊಡಗಿದರು. ಪುಟ್ಟರಾಜು ಇಳಿಸುತ್ತಿದ್ದ. ದನಿ ಸಣ್ಣಗಾದದ್ದೇ ಮೇಷ್ಟ್ರು ಮಾತು ನಿಲ್ಲಿಸಿ, "ಇದನ್ನ ಬಿಡೋಣ" ಎಂದು ಬೇರೆ ಕಡೆ ಹೊರಳುತ್ತಿದ್ದರು. ಸಭೆಗೆ ಮೈಕು ಕೆಟ್ಟಂತೆ ಕಾಣುತ್ತಿತ್ತು. ಬೈಗುಳ ಪುಟ್ಟರಾಜುವಿಗೆ ಬೀಳುತ್ತಿತ್ತು.

ಅರಕಲಗೂಡಿನಲ್ಲೊಮ್ಮೆ ಸನ್ಮಾನಕ್ಕೆ ಕರೆದಾಗ ಮೇಷ್ಟ್ರು ಸಭಾಂಗಣ ಗುಡಿಸುವ ಮಾದಮ್ಮನನ್ನು ಕೈಹಿಡಿದು ತಂದು ತಮ್ಮ ಕುರ್ಚಿಯಲ್ಲಿ ಕೂರಿಸಿ, ಹೊರಗೆ ಹೋಗಿ ಕಡಲೆಕಾಯಿ ತಿನ್ನುತ್ತ ನಿಂತರು. ಜನ ಚಪ್ಪಾಳೆ ತಟ್ಟಿದರು. ಮಾದಮ್ಮ ಅಷ್ಟು ಜನರ ಮುಂದೆ ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟಳು. ಅವಳಿಗೆ ನೀರು ಕೊಟ್ಟು ಕೆಳಗಿಳಿಸಿದವನು ಪುಟ್ಟರಾಜು.

"ಅದು ತೆಪ್ಪು ಸಾ," ಎಂದ ವಾಪಸು ಬರುವಾಗ. "ನೀವು ದೊಡ್ಡೋರಾದ್ರಿ, ಆವಮ್ಮ ಚಿಕ್ಕೋಳಾದ್ಲು."

ಮಾರನೆಯ ದಿನ ಮೇಷ್ಟ್ರು ಮಾದಮ್ಮನ ಮನೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿ ಬಂದರು. ಅದನ್ನು ಯಾವ ಸಭೆಯಲ್ಲೂ ಹೇಳಲಿಲ್ಲ.

*

ಹನ್ನೊಂದು ವರ್ಷದ ಹಿಂದೆ ದೀಪಶ್ರೀಯ ನಿಶ್ಚಿತಾರ್ಥ ಶಾಂತಿಗ್ರಾಮದ ಛತ್ರದಲ್ಲಿ ಏರ್ಪಾಡಾಗಿತ್ತು. ಹುಡುಗ ಗುಂಡಯ್ಯನ ಮಗ. ಚಿಕ್ಕಂದಿನಿಂದ ಮಾತಾಗಿದ್ದ ಸಂಬಂಧ. ನಂಜಮ್ಮನಿಗೆ ಅಣ್ಣನ ಮನೆಗೇ ಮಗಳನ್ನು ಕೊಡುವ ಸಂಭ್ರಮ. ಹಿರಿಯರೆಂದು ಮೇಷ್ಟ್ರ ಕೈಗೆ ಮೈಕು ಕೊಟ್ಟು ಹರಸಲು ಹೇಳಿದರು.

"ಎಲ್ಲರೂ ಒಪ್ಪಿದ್ದೀರಿ, ಸಂತೋಷ," ಎಂದರು ಅವರು. "ಈ ಹುಡುಗೀನ ಯಾರಾದ್ರೂ ಕೇಳಿದ್ರಾ?"

ಒಂದಿಬ್ಬರು ನಕ್ಕರು. ಮೇಷ್ಟ್ರು ಮಂಟಪಕ್ಕೆ ಹೋಗಿ ದೀಪಶ್ರೀಯ ಮುಂದೆ ಮೈಕು ಹಿಡಿದರು. "ನಿನಗೆ ಇಷ್ಟ ಇದೆಯೇನಮ್ಮ?"

ಛತ್ರದ ನಾಲ್ಕೂ ಸ್ಪೀಕರುಗಳಲ್ಲಿ ಅವಳ ಉಸಿರು ಕೇಳಿಸಿತು. ನಂಜಮ್ಮ ಗಾಬರಿಯಿಂದ ಗಂಡನ ಕಡೆ ತಿರುಗಿ, ಆರಿಸು ಎಂದು ಕೈಸನ್ನೆ ಮಾಡಿದಳು. ಪುಟ್ಟರಾಜು ಆಂಪ್ಲಿಫಯರಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ದನಿ ಇಳಿಸಲಿಲ್ಲ. ದೀಪಶ್ರೀ, "ನಂಗೆ ಓದ್ಬೇಕು. ಬ್ಯಾಡ," ಎಂದಳು.

ಗುಂಡಯ್ಯ ತಾಂಬೂಲದ ತಟ್ಟೆಯನ್ನು ತಾನೇ ಎತ್ತಿಕೊಂಡ. "ಊರ್ ಮುಂದೆ ಮೈಕಲ್ಲಿ ಮಾನ ಕಳ್ದೆಯಲ್ಲ ನಂಜವ್ವ. ಇನ್ನು ನಿನ್ ಒಸ್ಲು ತುಳಿಯಲ್ಲ ನಾನು," ಎಂದು ಹೋದವನು ಹೋದನೇ.

ಅವನ ಮಗನಿಗೆ ಮರುವರ್ಷ ಬೇರೆ ಕಡೆ ಮದುವೆಯಾಯಿತು. ದೀಪಶ್ರೀ ಓದಿ ಕೆಲಸ ಹಿಡಿದಳು. ನಂಜಮ್ಮ ಗೌರಿಹಬ್ಬ ಬಂದಾಗಲೆಲ್ಲ ತವರಿನ ದಾರಿ ನೋಡಿ, ಸಂಜೆಗೆ ಮೇಷ್ಟ್ರನ್ನು ಬೈಯುತ್ತಿದ್ದಳು. ಪುಟ್ಟರಾಜು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ.

*

ಹನ್ನೆರಡಾಗುವ ಹೊತ್ತಿಗೆ ಹೆದ್ದಾರಿಯಿಂದ ಒಂದು ಹಳೆಯ ಕಾರು ಊರಿನ ದಾರಿಗೆ ಹೊರಳಿತು. ಹಾಸನದಿಂದ ಬಂದಿದ್ದ ಕಾಲೇಜಿನವರು ಫೋನುಗಳನ್ನು ಎತ್ತಿ ಹಿಡಿದರು. ಮುಂದಿನ ಬಾಗಿಲಿನಿಂದ ಮೇಷ್ಟ್ರು ಇಳಿದರು; ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ, ಅಂಗಿಯ ಗುಂಡಿ ಮೇಲೆ ಕೆಳಗಾಗಿದೆ. ಹಿಂದಿನ ಬಾಗಿಲು ತೆರೆದು ಇಳಿದವನು ಗುಂಡಯ್ಯ. ಅವನ ಕೈಯಲ್ಲಿ ಮಡಿಸಿದ ಬಿಳಿ ಪಂಚೆಯಿತ್ತು.

ನಂಜಮ್ಮ ಎದ್ದಳು. ಎರಡು ಹೆಜ್ಜೆ ಇಟ್ಟು, "ಅಣ್ಣಯ್ಯ" ಎಂದು ಅಲ್ಲೇ ಕುಸಿದಳು. ಗುಂಡಯ್ಯ ಬಂದು ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡ.

"ಈವಯ್ಯ ಆರ್ ಗಂಟ್ಗೇ ಬಂದು ನನ್ ಜಗಲಿ ಮ್ಯಾಲೆ ಕೂತ್ಬುಟ್ಟ ಕಣವ್ವ," ಎಂದ, ಅತ್ತು ಮುಗಿದ ಮೇಲೆ. "ಬಾಯಿಗ್ ಬಂದಂಗೆ ಬೈದೆ. ಬೈಸ್ಕಂಡ. 'ತಪ್ಪು ನಂದು, ನಿಮ್ ತಂಗೀದಲ್ಲ. ನೀವು ಬರೋಗಂಟ ಅವ್ರು ಹೆಣ ಎತ್ತೋಕೆ ಬಿಡಲ್ಲ' ಅಂದ. ಒಂದ್ ತೊಟ್ಟು ಕಾಪಿ ಕುಡೀನಿಲ್ಲ. ಎಂಗ್ ಬರ್ದೆ ಇರಾದು?"

ನಂಜಮ್ಮ ಮೇಷ್ಟ್ರ ಕಡೆ ನೋಡಿದಳು. ಅವರು ಇತ್ತ ನೋಡುತ್ತಿರಲಿಲ್ಲ. ಪುಟ್ಟರಾಜುವಿನ ಕಾಲಿನ ಬಳಿ ನಿಂತು, ಏನೋ ಮರೆತವರಂತೆ ಅಂಗಿಯ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿಕೊಳ್ಳುತ್ತಿದ್ದರು.

ಗುಂಡಯ್ಯ ಪಂಚೆ ಹೊದಿಸಿದ. ಚಟ್ಟ ಎದ್ದಿತು.

ಮನೆಯ ಹಿಂದಿನ ಹೊಲದಲ್ಲಿ, ರಾಗಿ ಪೈರಿನ ಅಂಚಿಗೆ ಗುಂಡಿ ತೆಗೆದಿದ್ದರು. ಹೆಣ ಇಳಿಸಿದ ಮೇಲೆ ಕಾಲೇಜಿನವರಲ್ಲೊಬ್ಬ ಮುಂದೆ ಬಂದ. "ಸರ್, ಸಾವಿನ ಬಗ್ಗೆ ಎರಡು ಮಾತು."

"ಸಾವಿನ ಬಗ್ಗೆ ನನಗೇನಪ್ಪ ಗೊತ್ತು?" ಎಂದರು ಮೇಷ್ಟ್ರು. "ಇವತ್ತು ನಾನು ಕೇಳೋಕೆ ಬಂದಿದ್ದೀನಿ. ಪುಟ್ಟರಾಜು ವಿಷಯ ಗೊತ್ತಿರೋರು ಹೇಳಿ." ಹೊಲದ ಬದುವಿನ ಮೇಲೆ ಕೂತೇಬಿಟ್ಟರು.

"ಇದುಕ್ಕೂ ಸಭೆ ಮಾಡ್ತಾರಲ್ಲ," ಎಂದು ದೇವರಾಜ್ ಗೊಣಗಿದ. ಬಿಸಿಲು ನೆತ್ತಿಯ ಮೇಲಿತ್ತು. ಮೊದಲು ಕಟ್ಟಾಯದಿಂದ ಬಂದಿದ್ದ ಮುದುಕನೊಬ್ಬ, ತನ್ನ ಮಗಳ ಮದುವೆಯಲ್ಲಿ ಕರೆಂಟು ಹೋದಾಗ ಪುಟ್ಟರಾಜು ಬ್ಯಾಟರಿ ತರಲು ಸೈಕಲ್ ತುಳಿದು ಹಾಸನಕ್ಕೆ ಹೋಗಿ ಬಂದದ್ದನ್ನು ಹೇಳಿದ. ಶಾಲೆಯ ಮುಖ್ಯೋಪಾಧ್ಯಾಯಿನಿ, ಸ್ವಾತಂತ್ರ್ಯ ದಿನದಂದು ಹೆದರಿ ಮಾತು ನುಂಗುವ ಮಕ್ಕಳಿಗೆ ಅವನು ಮೈಕು ಬಗ್ಗಿಸಿಕೊಟ್ಟು, "ನಾನಿವ್ನಿ, ಮಾತಾಡು" ಎನ್ನುತ್ತಿದ್ದುದನ್ನು ಹೇಳಿದರು. ದೇವರಾಜನೇ ತಲೆ ತಗ್ಗಿಸಿಕೊಂಡು, "ನಂಗೆ ಓದ್ಸಿದ್ದು ಅವ್ನೇ," ಎಂದ.

ರಾಮಣ್ಣ ಹಾರೆಯನ್ನು ನೆಲಕ್ಕೂರಿ ನಿಂತ. "ನಂದೊಂದ್ ಮಾತೈತೆ. ನಂಜಮ್ಮತ್ಗೆಗೆ ಏಳ್ಬೇಕಾದ್ದು."

ಮೇಷ್ಟ್ರ ಮುಖ ಬದಲಾಯಿತು. "ರಾಮಣ್ಣ, ಅದು ಬೇಡ."

"ಕೇಳೋಕೆ ಬಂದಿದ್ದೀನಿ ಅಂದ್ರಲ್ಲ ಸಾ. ಕೇಳಿ." ರಾಮಣ್ಣ ನಂಜಮ್ಮನ ಕಡೆ ತಿರುಗಿದ. "ನಿಸ್ಚಿತಾರ್ತದ ಬೆಳಿಗ್ಗೆ ಮೇಷ್ಟ್ರುನ್ನ ಕರ್ಕಬರಾಕೆ ನಾನೂ ಪುಟ್ಟರಾಜಣ್ಣನೂ ಓಗಿದ್ವಿ. ದಾರೀಲಿ ಟೀ ಕುಡಿಯಾಕೆ ನಿಲ್ಸಿದಾಗ ಅಣ್ಣ ಅವ್ರ ಕೈ ಇಡ್ಕಂಡ್ಬುಟ್ಟ. 'ಮಗಳು ಮೂರ್ ದಿನದಿಂದ ಸರ್ಯಾಗ್ ಉಣ್ತಾ ಇಲ್ಲ. ನಾನ್ ಕೇಳಿದ್ರೆ ನಂಜಿ ಒಡ್ಲು ಉರೀತದೆ, ಭಾವನ್ ಮುಂದೆ ಕೊಟ್ ಮಾತು ಓಯ್ತದೆ. ನೀವು ಲೋಕನೆಲ್ಲ ಕೇಳ್ತೀರಿ, ನನ್ ಮಗಳ್ನ ಒಂದ್ ಮಾತು ಕೇಳಿ' ಅಂದ. 'ನನ್ನ ಹೊಡೀತಾರಲ್ಲಯ್ಯ' ಅಂದ್ರು ಇವ್ರು. 'ನಿಮ್ಗೆ ಬೈಸ್ಕಂಡು ಅಬ್ಯಾಸ ಐತಲ್ಲ ಸಾ' ಅಂದ."

ರಾಮಣ್ಣ ಹಾರೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

"ಆಮೇಲೆ ನಿಂಗೆ ನಿಜ ಏಳ್ಬುಡ್ತೀನಿ ಅಂತ ಎಷ್ಟೋ ಸಲ ಒಂಟ. ಇವ್ರೇ ಬುಡ್ಲಿಲ್ಲ. 'ಬೈಸ್ಕೊಳ್ಳೋಕೆ ನಾನೊಬ್ಬ ಸಾಕು, ಮನೇಲಿ ನೀವಿಬ್ರು ಚೆನ್ನಾಗಿರಿ' ಅಂದ್ರು."

ದೀಪಶ್ರೀ ಗುಂಡಿಯ ಅಂಚಿಗೆ ಬಂದಳು. "ನಂಗೆ ಇಷ್ಟ ಇಲ್ಲ ಅಂತ ಅಪ್ಪಂಗೆ ಗೊತ್ತಿತ್ತಾ ಚಿಕ್ಕಪ್ಪ?" ಎಂದು ರಾಮಣ್ಣನನ್ನು ಕೇಳಿದಳು.

"ಎಲ್ಲಾ ಗೊತ್ತಿತ್ತು ಕಣವ್ವ."

ಹನ್ನೊಂದು ವರ್ಷದಿಂದ ಪ್ರತಿ ಶಿಕ್ಷಕರ ದಿನಾಚರಣೆಗೆ ಅವಳು ಮೇಷ್ಟ್ರಿಗೆ ಎರಡು ಸಾಲು ಬರೆದು ಕಳಿಸುತ್ತಿದ್ದಳು: ಅವತ್ತು ನೀವು ಕೇಳದಿದ್ದರೆ ನಾನು ಇಲ್ಲಿರುತ್ತಿರಲಿಲ್ಲ. ಪ್ರತಿ ಸಲವೂ ಒಂದೇ ಉತ್ತರ ಬರುತ್ತಿತ್ತು: ಇದನ್ನು ನಿಮ್ಮಪ್ಪನಿಗೆ ಹೇಳು. ಅದೂ ಮೇಷ್ಟ್ರ ವಿಚಿತ್ರಗಳಲ್ಲೊಂದು ಎಂದುಕೊಂಡು ಸುಮ್ಮನಾಗಿದ್ದಳು. ಈಗ ಮಂಡಿಯೂರಿ, ಬಿಳಿ ಪಂಚೆಯಡಿಯ ಆ ಗಿಡ್ಡ ದೇಹವನ್ನು ನೋಡುತ್ತ, "ಉಪ್ಕಾರ ಆಯ್ತಪ್ಪ," ಎಂದಳು. ಮತ್ತೆ ಇನ್ನೊಂದು ಸಲ, ದೊಡ್ಡದಾಗಿ ಹೇಳಿದಳು.

ನಂಜಮ್ಮನ ಗಂಟಲಿನಿಂದ ಬಂದದ್ದು ಅಳುವೋ ನಗುವೋ ತಿಳಿಯಲಿಲ್ಲ. "ವರ್ಸೊಪ್ಪತ್ತೂ ಬೈದಿವ್ನಿ ಈ ಮೇಷ್ಟ್ರಿಗೆ," ಎಂದಳು ಅಣ್ಣನಿಗೆ. "ಪಕ್ಕದಲ್ಲೇ ಕೂತ್ಕಂಡು ಊಂ ಅನ್ನೋನು ಕಣಣ್ಣ. ಒಂದೊಂದ್ ಸಲ ಅವ್ನೂ ಸೇರ್ಕಂಡು ಬೈಯೋನು."

ಗುಂಡಯ್ಯ ಗುಂಡಿಯ ಅಂಚಿಗೆ ಬಂದು ಬಗ್ಗಿದ. "ನಂಗೇ ಬಂದು ಏಳ್ಬೋದಿತ್ತಲ್ಲ ಭಾವ," ಎಂದ. ಮೊದಲ ಹಿಡಿ ಮಣ್ಣನ್ನು ಅವನೇ ಹಾಕಿದ.

ಮಣ್ಣು ಮುಗಿಸಿ ಎಲ್ಲರೂ ಮನೆಗೆ ಬಂದರು. ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಿದ್ದರು. ಕಾಲು ತೊಳೆದು, ದೀಪ ನೋಡಿ ಹೋಗಬೇಕು. ನೀರಿನ ಡ್ರಮ್ಮಿನ ಬಳಿ ಜನ ಸಾಲಾಗಿ ನಿಂತರು. ಇಂಥದ್ದನ್ನೆಲ್ಲ ಸಭೆಗಳಲ್ಲಿ ಹಂಗಿಸುತ್ತಿದ್ದ ಮೇಷ್ಟ್ರೂ ಪಂಚೆ ಎತ್ತಿ ಹಿಡಿದು ಸಾಲಿನಲ್ಲಿದ್ದರು. ಸರದಿ ಬಂದಾಗ ಬಗ್ಗಲು ನೋಡಿ, ಸೊಂಟ ಹಿಡಿದು ಅರ್ಧಕ್ಕೇ ನಿಂತರು.

ನಂಜಮ್ಮ ಜಗಲಿಯಿಂದ ಎದ್ದು ಬಂದಳು. ಡ್ರಮ್ಮಿನಿಂದ ಚೊಂಬು ತುಂಬಿಕೊಂಡು ಅವರ ಪಾದದ ಮೇಲೆ ಹುಯ್ದಳು. ಕೆಮ್ಮಣ್ಣು ಕರಗಿ, ಬೆರಳ ಸಂದಿಯಿಂದ ಇಳಿದು, ಅಂಗಳದ ಇಳಿಜಾರಿಗೆ ಹರಿಯಿತು.

"ಇನ್ನೊಂದ್ ಕಾಲು ಕೊಡಿ ಮೇಷ್ಟ್ರೇ."

ಮೇಷ್ಟ್ರು ಪಕ್ಕದಲ್ಲಿದ್ದ ಗುಂಡಯ್ಯನ ಹೆಗಲು ಹಿಡಿದುಕೊಂಡು ಇನ್ನೊಂದು ಕಾಲು ಮುಂದಿಟ್ಟರು.