ನಿಂತಲ್ಲೇ ನಡೆ

ಇಮಾಸ್ ಇಂಡೋನೇಷ್ಯಾದ ಚಿಮಾಹಿಯ ದಂಡಿಗೆ ಬಂದಾಗ ಅವಳಿಗೆ ಕವಾಯತು ಕಲಿಸಿದವಳು ನಾನು. ಹನ್ನೊಂದು ವರ್ಷದಿಂದ ನಾನು ಕಾರ್ಪೊರಲ್. ಅವಳು ಆರೇ ವರ್ಷಕ್ಕೆ ಸಾರ್ಜೆಂಟ್ ಆದಳು. ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಹೆಂಗಸರ ತುಕಡಿ ನಡೆಸುವ ಕೆಲಸವೂ ಅವಳಿಗೇ ಸಿಕ್ಕಿತು.

ನಮ್ಮ ಕವಾಯತಿನಲ್ಲಿ ‘ಜಲನ್ ದಿ ತೆಂಪಾತ್’ ಎಂಬ ಆಜ್ಞೆಯಿದೆ. ಅಂದರೆ ನಿಂತಲ್ಲೇ ನಡೆ. ಮಂಡಿ ಎತ್ತಿ ತಾಳ ತಪ್ಪದೆ ಹೆಜ್ಜೆ ಹಾಕಬೇಕು, ಒಂದು ಅಂಗುಲವೂ ಮುಂದೆ ಹೋಗಬಾರದು. ಬಾಳಿನಲ್ಲಿ ಮೇಲೇರದವರಿಗೂ ಜನ ಇದೇ ಮಾತು ಅಂಟಿಸುತ್ತಾರೆ. ಇಮಾಸ್‌ಗೆ ಬಡ್ತಿ ಬಂದ ದಿನ ಅತ್ತೆ ಸಾರಿಗೆ ಹುಣಸೆ ಕಿವುಚುತ್ತಾ, “ಏನೇ ತಿತಿನ್, ನೀನಿನ್ನೂ ಜಲನ್ ದಿ ತೆಂಪಾತಾ?” ಅಂದರು. ನಾನು ಎದ್ದು ಹೊರಗೆ ಹೋಗಿಬಿಟ್ಟೆ.

ತಾಲೀಮಿನಲ್ಲಿ ಅವಳ ತಪ್ಪೊಂದು ನನ್ನ ಕಿವಿಗೆ ಬಿತ್ತು. ಆ ಆಜ್ಞೆಯ ಕೊನೆಯ ಪದ ಕಾಲು ನೆಲ ಮುಟ್ಟುವಾಗಲೇ ಬರಬೇಕು. ಅವಳದು ಅರೆಕ್ಷಣ ತಡ. ಸರಿಯಾಗಿದೆಯಾ ಎಂದು ಅವಳೇ ಬಂದು ಕೇಳಿದಳು. ಸರಿಯಾಗಿದೆ ಅಂದುಬಿಟ್ಟೆ.

ಮರುದಿನ ಮೇಜರ್ ನೋಡಲು ಬಂದರು. ನಡೆಯುತ್ತಿದ್ದ ತುಕಡಿಗೆ ಇಮಾಸ್ ಆ ಆಜ್ಞೆ ಕೊಟ್ಟಾಗ ಮುಂದಿನ ಸಾಲು ನಿಂತಲ್ಲೇ ಹೆಜ್ಜೆ ಹಾಕತೊಡಗಿತು. ಹಿಂದಿನವರು ಒಂದು ಹೆಜ್ಜೆ ಹೆಚ್ಚು ಹಾಕಿ ಮುಂದಿದ್ದವರ ಬೆನ್ನಿಗೆ ಡಿಕ್ಕಿ ಹೊಡೆದರು. ಇಬ್ಬರ ಟೋಪಿ ಮಣ್ಣಿಗುರುಳಿತು. ನಿನಗೆ ಕಲಿಸಿದವರು ಯಾರು ಎಂದು ಮೇಜರ್ ಗದರಿದರು.

“ಕಾರ್ಪೊರಲ್ ತಿತಿನ್, ಸರ್. ಅವ್ರು ಸರಿಯಾಗೇ ಕಲ್ಸಿದಾರೆ. ತಪ್ಪು ನಂದು,” ಅಂದಳು ಇಮಾಸ್.

ಎರಡು ದಿನದಲ್ಲಿ ತಿದ್ದಿಕೊಳ್ಳದಿದ್ದರೆ ತುಕಡಿ ತಿತಿನ್‌ಗೆ ಎಂದು ಹೇಳಿ ಮೇಜರ್ ಹೋದರು. ನಾನು ಬಯಸಿದ್ದು ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಆದರೆ ಅವಳ ಬಡ್ತಿಗಿಂತ ಅವಳ ಆ ಮಾತೇ ನನ್ನನ್ನು ಹೆಚ್ಚು ಉರಿಸಿತು. ಅಂಥ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಸಂಜೆ ಅವಳ ಕೋಣೆಗೆ ಹೋಗಿ, ತಡವಾಗುತ್ತಿದ್ದುದು ನನಗೆ ಮೊದಲೇ ಗೊತ್ತಿತ್ತು ಎಂದು ಒಪ್ಪಿಕೊಂಡೆ.

ಬೂಟಿಗೆ ಪಾಲಿಶ್ ಹಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. “ಗೊತ್ತಕ್ಕ. ಸರಿ ಇದೆ ಅನ್ನೋವಾಗ ನೀವು ನನ್ನ ಮುಖ ನೋಡ್ಲಿಲ್ಲ.”

“ಮತ್ತೆ ಮೇಜರ್‌ಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಆಮೇಲೆ ನಂಗೆ ಕಲಿಸೋರು ಯಾರು? ಏಳಿ, ಈಗ ಹೇಳ್ಕೊಡಿ.”

ಹಿತ್ತಲಿನ ಸಿಮೆಂಟಿನ ಮೇಲೆ ನಾನು ಹೆಜ್ಜೆ ಹಾಕಿದೆ, ಅವಳು ಕೂಗಿದಳು. ನಾಲ್ಕನೇ ಸಲಕ್ಕೇ ಪದ ನನ್ನ ಕಾಲಿನ ಸದ್ದಿನ ಮೇಲೆ ಸರಿಯಾಗಿ ಕೂತಿತು. ಅದನ್ನು ಕಲಿಯಲು ನನಗೆ ತಿಂಗಳು ಹಿಡಿದಿತ್ತು.

ಆಗಸ್ಟ್ ಹದಿನೇಳರ ಸ್ವಾತಂತ್ರ್ಯ ದಿನದಂದು ತುಕಡಿ ನಡೆಸಿದವಳು ಅವಳೇ. ನಾನು ಮೊದಲ ಸಾಲಿನ ಬಲತುದಿಯಲ್ಲಿದ್ದೆ. ಒಂದು ಕಾಲೂ ತಪ್ಪಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಎಲ್ಲ ಮುಗಿದ ಮೇಲೆ ಅವಳ ತಾಯಿ ನನ್ನನ್ನು ಹುಡುಕಿಕೊಂಡು ಬಂದು, ಮಗಳಿಗೆ ಕಲಿಸಿದವರು ನೀವೇ ತಾನೇ ಎಂದು ಕೇಳಿ, ಬಾಳೆಲೆಯಲ್ಲಿ ಸುತ್ತಿದ ಅಕ್ಕಿ ಕಡುಬನ್ನು ಕೈಗಿಟ್ಟರು. ಹೌದು ಅಂದೆ. ಹೊಟ್ಟೆಯುರಿ ಇನ್ನೂ ಪೂರ್ತಿ ಆರಿರಲಿಲ್ಲ. ಆದರೂ ಆ ಕಡುಬನ್ನು ಅವರೆದುರಿಗೇ ಬಿಚ್ಚಿ ತಿಂದೆ.