ದೇವರ ಕೋಣೆಯಲ್ಲಿ ಹಣ್ಣಾದ ಬಾಳೆಗೊನೆ

ನನ್ನ ಹೆಂಡತಿ ಸುಬ್ಬಮ್ಮ ಅಟ್ಟೂರಿನ ಹಳೆಯ ಹಿತ್ತಲಲ್ಲಿ ನೆಟ್ಟಿದ್ದ ಏಲಕ್ಕಿ ಬಾಳೆ, ಅವಳು ಸತ್ತ ಮೇಲೆ ಗೊನೆ ಬಿಟ್ಟಿತು. ಬದುಕಿದ್ದಾಗ ಬಿಟ್ಟಿದ್ದರೆ ನನಗೊಂದು ಹಣ್ಣೂ ಸಿಗುತ್ತಿರಲಿಲ್ಲ. ಅವಳ ವರ್ಷದ ತಿಥಿಗೆ ಅದನ್ನೇ ಎಡೆಗಿಡಬೇಕೆಂದು ಹಠ ಹಿಡಿದೆ. ಕಡಿದು ಫ್ಲ್ಯಾಟಿಗೆ ತಂದ ಗೊನೆಯೋ, ಕಲ್ಲು.

ನಮ್ಮ ಹಿರಿಯರು ಕಾಯಿಯನ್ನು ಗುಂಡಿಯಲ್ಲಿಟ್ಟು, ಹೊಗೆ ಹಾಕಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ಫ್ಲ್ಯಾಟಿನಲ್ಲಿ ಗುಂಡಿ ಎಲ್ಲಿ ತೋಡಲಿ? ದೇವರ ಕೋಣೆಗೆ ಕಿಟಕಿಯಿಲ್ಲ. ಹೊಗೆಯೂ ಅಲ್ಲಿ ಹೊಸದಲ್ಲ. ಗೊನೆಯನ್ನು ಮಾರಮ್ಮನ ಕಾಲ ಬಳಿ ಇಟ್ಟು, ದಿನವೂ ಕೆಂಡಕ್ಕೆ ಸಾಂಬ್ರಾಣಿ ಸುರಿದು, ಬಾಗಿಲ ಸಂದಿಗೆ ಹಳೆಯ ಪಂಚೆ ತುರುಕಿದೆ. ತಾಯಿ ಕೆಮ್ಮಲಿಲ್ಲ. ತಿಥಿಯ ಹಿಂದಿನ ದಿನ ಆಕೆಗೆ ಗುಲಾಬಿ ಹಾರ ಹಾಕಿ ಮತ್ತೆ ಬಾಗಿಲು ಮುಚ್ಚಿದೆ.

ಬೆಳಿಗ್ಗೆ ತೆರೆದರೆ ಗೊನೆ ಬಂಗಾರ. ಹಾರದಲ್ಲಿ ಬರೀ ತೊಟ್ಟು. ಎಸಳೆಲ್ಲ ನೆಲದ ಮೇಲೆ.

ತಿಥಿಗೆ ಬಂದಿದ್ದ ಸುಬ್ಬಮ್ಮನ ತಮ್ಮ ಲಕ್ಕಣ್ಣ ಕೈ ಮುಗಿದ. "ಭಾವ, ಮಾರಮ್ಮ ಹೂವ ಬಿಸಾಕವ್ಳೆ. ಅಕ್ಕಂಗೆ ನಿಮ್ ಎಡೆ ಬ್ಯಾಡ. ಹಣ್ಣು ಮುಟ್ಬ್ಯಾಡಿ."

ಕೊನೆಯ ದಿನಗಳಲ್ಲಿ ನಾನು ಕುಡಿಸಿದ ಗಂಜಿಯನ್ನೂ ಸುಬ್ಬಮ್ಮ ನುಂಗಿರಲಿಲ್ಲ. ಇದೂ ಬೇಡವಾಯಿತೇ?

ಪಿಯುಸಿ ಓದುವ ಮೊಮ್ಮಗಳು ಕೀರ್ತಿ ಮೂಗು ಮುಚ್ಚಿಕೊಂಡು ಇಣುಕಿದಳು. "ತಾತ, ಅದು ಎಥಿಲೀನ್. ಹೊಗೇಲೂ ಇರುತ್ತೆ, ಹಣ್ಣೂ ಬಿಡುತ್ತೆ. ಕಾಯಿ ಮಾಗ್ಸುತ್ತೆ, ಗುಲಾಬಿ ಉದುರ್ಸುತ್ತೆ."

"ಅದ್ಯಾವ ದೆವ್ವನಮ್ಮಾ?" ಎಂದ ಲಕ್ಕಣ್ಣ.

"ಗ್ಯಾಸು, ಚಿಕ್ಕತಾತ. ಅದ್ರಲ್ಲಿ ಎರಡು ಕಾರ್ಬನ್ನು ಎರಡೂ ಕೈ ಹಿಡ್ಕೊಂಡಿರ್ತವೆ. ಒಂದು ಹಿಡಿತ ಗಟ್ಟಿ, ಇನ್ನೊಂದು ಸಡಿಲ. ಗಿಡದೊಳಗೆ ತಾಮ್ರದ ಕಣ ಸಿಕ್ರೆ ಸಡಿಲ ಇರೋದು ಅದನ್ನ ಮುಟ್ಟುತ್ತೆ, ಆಗ್ಲೇ ಕಾಯಿ ಮಾಗೋಕೆ ಶುರು. ಹೈಡ್ರೋಜನ್ ಸೇರಿಸಿದ್ರಂತೂ ಆ ಸಡಿಲ ಹಿಡಿತ ಬಿಟ್ಟೇ ಬಿಡ್ತವೆ, ಹೈಡ್ರೋಜನ್ನ ಹಿಡ್ಕೊಳ್ಳೋಕೆ."

"ಥೂ, ಮಾನಗೆಟ್ಟವು!" ಎಂದ ಲಕ್ಕಣ್ಣ.

"ನಿನ್ ಸಂಸಾರಕ್ಕಿಂತ ವಾಸಿ ಕಣೋ," ಎಂದೆ. ಮತ್ತೆ ಕೀರ್ತಿಯನ್ನು ಕೇಳಿದೆ: "ಗಟ್ಟಿ ಹಿಡಿತ ಏನಾಗುತ್ತಮ್ಮಾ?"

"ಅದು ಹಂಗೇ ಇರುತ್ತೆ, ತಾತ."

ನಾನು ಹಣ್ಣಿನ ಚಿಪ್ಪು ಕೊಯ್ದೆ. ಲಕ್ಕಣ್ಣ ಕೈ ಅಡ್ಡ ತಂದ.

"ಬಿಡೋ. ನಿಮ್ಮಕ್ಕಂಗೆ ಕೋಪ ಬಂದಿದ್ರೆ ಮುಖಕ್ಕೇ ಉಗೀತಿದ್ಲು. ದೇವ್ರನ್ನ ಮಧ್ಯಸ್ಥಿಕೆಗೆ ಕರ್ಯೋಳಲ್ಲ."

ಪಡಸಾಲೆಯಲ್ಲಿ ಅವಳ ಫೋಟೋದ ಮುಂದೆ ಎಡೆಯಿಟ್ಟು, ವಾಡಿಕೆಯಂತೆ ಎಲ್ಲರೂ ಹೊರಗೆ ಬಂದು ನಿಂತೆವು. ಸತ್ತವರು ಉಣ್ಣುವಾಗ ನೋಡಬಾರದು.

"ಅಕ್ಕ ತಿಂತಾಳಾ, ಭಾವ?" ಲಕ್ಕಣ್ಣ ಪಿಸುಗುಟ್ಟಿದ.

"ತಿನ್ನದಿದ್ರೆ ಬಂದು ಬೈಯ್ಲಿ," ಎಂದೆ.

ಬೈದರೂ ಸಾಕಾಗಿತ್ತು.